ಹದಿನಾಲ್ಕನೇ ಇಲಿ

ಹೆಬ್ಬಾಳದ ಫ್ಲೈಓವರ್ ರಾತ್ರಿ ಎರಡರ ಮೇಲೆ
ಒಂದಿಷ್ಟು ಹೊತ್ತು ಬಾಯಿ ಮುಚ್ಚುತ್ತದೆ.
ಆಗ ಹನಿಯ ಸದ್ದು ಕೇಳುತ್ತದೆ ನನಗೆ.
ಟಪ್. ಕಾಯುತ್ತೇನೆ. ಟಪ್.
ಹದಿನಾಲ್ಕನೇ ಇಲಿಯ ಪಕ್ಕೆಯಿಂದ ಹೊರಟ
ಕೂದಲೆಳೆಯಷ್ಟು ಕೊಳವೆ
ಮಂಜುಗಡ್ಡೆಯಲ್ಲಿ ಕೂತ ನಳಿಗೆಗೆ
ದುಗ್ಧರಸ ಇಳಿಸುತ್ತಿದೆ.
ಪುಸ್ತಕದಲ್ಲಿ ಅದರ ಹೆಸರು ಹಾಗೆ.
ನೈಟ್ ಡ್ಯೂಟಿಯವರು ಹಾಲು ಅನ್ನುತ್ತೇವೆ.

ಸಂಜೆ ಆರಕ್ಕೆ ಇದಕ್ಕೆ ಕುಡಿಸಿದ್ದು ಮೀನೆಣ್ಣೆ.
ಪಕ್ಕದ ಪಂಜರದ ಏಳನೆಯದಕ್ಕೆ ಕಡಲೆಕಾಯಿ ಎಣ್ಣೆ.
ಎರಡಕ್ಕೂ ಅಷ್ಟಷ್ಟೇ ಕೊಲೆಸ್ಟ್ರಾಲು, ಗುರುತು ಹಾಕಿದ್ದು:
ಮದುವೆಮನೆಗೆ ಕೊಟ್ಟ ಪಾತ್ರೆಗೆ
ಹೆಸರು ಕೊರೆಸಿದ ಹಾಗೆ,
ಯಾರ ಅಟ್ಟ ಸೇರಿದರೂ ಗೊತ್ತಾಗಲಿ ಅಂತ.

ಏಳರ ಹಾಲು ಎಂಟೂವರೆಗೇ ಗಟ್ಟಿ ಬಿಳುಪು.
ಹದಿನಾಲ್ಕರದು ಇನ್ನೂ
ತಿಂಗಳ ಕೊನೆಯ ಮಜ್ಜಿಗೆ.

ವಾರಿಜಾ ಮೇಡಂ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರು
(ಹೆಸರಲ್ಲಿ ನೀರಿದೆ, ಅವರ ಅಡುಗೆಮನೆ ಮೀನು ಕಂಡಿದ್ದಿಲ್ಲ):
ಕೊಬ್ಬು ಅಂದರೆ ಮೂರು ಬಾಲದ ಪ್ರಾಣಿ.
ಕತ್ತರಿ ಬಂದು ಬಾಲ ಬಿಡಿಸಬೇಕು,
ಆಮೇಲೇ ಕರುಳಿನ ಗೋಡೆ ದಾಟುವುದು.
ಮೀನಿನ ಬಾಲ ಬುಡದ ಹತ್ತಿರವೇ ಸೊಟ್ಟ,
ಅಲ್ಲೊಂದು ಮಣಿತ, ಮುಂದೊಂದು, ಐದು, ಆರು,
ಕತ್ತರಿಯ ಬಾಯಿಗೆ ಸರಿಯಾಗಿ ಸಿಗುವುದಿಲ್ಲ.
ಮೊಂಡಲ್ಲ ಕತ್ತರಿ. ತಡ, ಅಷ್ಟೆ.
ಸ್ವಂತ ಕಾಲಿಲ್ಲದ ಕೊಲೆಸ್ಟ್ರಾಲು
ಪಿತ್ತದ ದೋಣಿಗೆ ಕಾದು ಕೂತದ್ದು
ಆ ತಡದಲ್ಲಿ ಒಂದಿಷ್ಟು ಹತ್ತುತ್ತದೆ,
ಒಂದಿಷ್ಟು ದಡದಲ್ಲೇ ಉಳಿದು
ಹಿಕ್ಕೆಯಾಗಿ ಟ್ರೇಗೆ ಬೀಳುತ್ತದೆ.
ಅದನ್ನೂ ತೂಗುವವಳು ನಾನೇ.

ನಿಂಬೆಹಣ್ಣು, ಸೀಗೆಪುಡಿ, ಒಮ್ಮೆ ಸೀಮೆಎಣ್ಣೆ ಕೂಡ.
ಕೈಯಿಂದ ವಾಸನೆ ಹೋಗುವುದಿಲ್ಲ.
ಯಲಹಂಕದ ಬೆಳಗಿನ ಬಸ್ಸಿನಲ್ಲಿ
ಸಂಪಿಗೆ ಮುಡಿದ ಟೀಚರ್ ನನ್ನ ಪಕ್ಕದಿಂದೆದ್ದು
ಕಂಬಿ ಹಿಡಿದು ನಿಲ್ಲುತ್ತಾರೆ.
ಖಾಲಿಯಾದ ಜಾಗಕ್ಕೆ ಕನ್ನಿಯಮ್ಮ,
ಶಿವಾಜಿನಗರದಿಂದ ಬಂದವಳು,
ಕಾಲ ನಡುವೆ ಬಕೆಟ್ಟು, ಐಸು, ಬೂತಾಯಿ, ಮೇಲೆ ಒದ್ದೆ ಗೋಣಿ.
"ನಿನ್ ಮೀನೆಲ್ಲಮ್ಮಾ?" ಮೊದಲ ದಿನ ನನ್ನ ಚೀಲ ಮೂಸಿದಳು.
ಮೀನಲ್ಲ, ಎಣ್ಣೆ ಅಂದೆ.
"ಮೀನು ಬಿಟ್ಟು ಎಣ್ಣೆ ಯಾರು ತಿಂತಾರೆ?"
ಇಲಿ ಅಂದೆ.
ಜಕ್ಕೂರು ಬರುವ ತನಕ ನಕ್ಕಳು.

ಕಳೆದ ಗುರುವಾರ ನಗಲಿಲ್ಲ.
ಕುಪ್ಪಸದೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು.
ಸರ್ಕಾರಿ ಆಸ್ಪತ್ರೆಯ ರಿಪೋರ್ಟು, ಇನ್ನೂರ ಅರವತ್ತೆಂಟು.
"ಜಾಸ್ತಿಯಾ?"
ಜಾಸ್ತಿ. ಮೀನು ತಿನ್ನಿ, ಹುರಿಯಬೇಡಿ, ಸಾರು ಮಾಡಿ, ಅಂತ
ಹನ್ನೊಂದು ವರ್ಷ ಕೇಳಿಸಿಕೊಂಡದ್ದನ್ನು ಒಪ್ಪಿಸತೊಡಗಿದೆ.
"ನಾನೆಲ್ಲಿ ತಿಂತೀನಿ?" ಅಂದಳು.
"ಮಿಕ್ರೆ ತಲೆ. ಅದೂ ಬೆಕ್ಕು ಬಿಟ್ರೆ.
ಬೆಳಿಗ್ಗೆ ಗಾಡಿ ಹತ್ರ ಎರಡು ಬೋಂಡ,
ಮಧ್ಯಾಹ್ನ ಟೀ, ಕ್ರೀಮ್ ಬನ್ನು."
ಗೋಣಿ ಸರಿಸಿ ಐಸು ಮುಟ್ಟಿ ನೋಡಿದಳು.
ಇಲಿಯ ಹೊಟ್ಟೆಯೊಳಗಿನ ಲೆಕ್ಕ
ಮೈಕ್ರೋಗ್ರಾಮಿನ ತನಕ ಬಲ್ಲೆ.
ಅವಳ ಎದುರು ಬಾಯಲ್ಲಿ ಒಂದಂಕಿಯೂ ಇರಲಿಲ್ಲ.

ಇಳಿಯುವಾಗ ಪೇಪರಿನಲ್ಲಿ ಸುತ್ತಿ ಎರಡು ಬೂತಾಯಿ ಕೊಟ್ಟಳು.
ಬೇಡ, ಮಾರಿಕೊಳ್ಳಿ ಅಂದೆ. "ಇಲಿಗೆ" ಅಂದಳು.

ಮೂರು ಇಪ್ಪತ್ತು. ಹನಿ ಈಗ ತುಸು ಬೆಳ್ಳಗೆ.
ಇಪ್ಪತ್ತನಾಲ್ಕನೇ ಗಂಟೆಯ ಮೇಲೆ ಹದಿನಾಲ್ಕನ್ನು ಏನು ಮಾಡುತ್ತೇವೆಂದು
ಕನ್ನಿಯಮ್ಮ ಕೇಳಿಲ್ಲ, ನಾನು ಹೇಳಿಲ್ಲ.
ಅದರ ಮೀಸೆಗೆ ಎಣ್ಣೆ ಅಂಟಿದೆ.
ಮುಂಗಾಲಿಂದ ಒರೆಸಿಕೊಳ್ಳುತ್ತದೆ,
ಮೂಸುತ್ತದೆ, ಮತ್ತೆ ಒರೆಸಿಕೊಳ್ಳುತ್ತದೆ.